ರಿಗ್ ಗೇಟಿನ ಬೋರ್ಡು ಹೇಳದಿರುವುದು: ಡ್ರಿಲ್ಲಿಂಗ್ ಉದ್ಯಮದ ಸುರಕ್ಷತಾ ಸಂಸ್ಕೃತಿ ಎಲ್ಲಿ ಎಡವುತ್ತಿದೆ

ಎಣ್ಣೆ, ಅನಿಲದ ಬಾವಿ ಕೊರೆಯುವ ರಿಗ್‌ಗಳ ಗೇಟಿನ ಬಳಿ ಒಂದು ಬೋರ್ಡು ಇರುವುದು ಸಾಮಾನ್ಯ. ‘ಗಾಯವಿಲ್ಲದೆ ಕಳೆದ ದಿನಗಳು’ ಎಂಬ ಬರಹ, ಮುಂದೆ ದಿನಕ್ಕೊಂದರಂತೆ ಏರುವ ಅಂಕಿ. ಬಾವಿಯ ತಳದಲ್ಲಿ ಒತ್ತಡ ಹೇಗಿದೆ, ಬಿಓಪಿಯ (ಬಾವಿಯ ಬಾಯನ್ನು ತುರ್ತಾಗಿ ಮುಚ್ಚುವ ಯಂತ್ರ) ರಬ್ಬರ್ ಸೀಲು ಸವೆದಿದೆಯೇ, ರಾತ್ರಿ ಪಾಳಿಯ ಡ್ರಿಲ್ಲರ್ ಅಲಾರಂ ಬಂದ್ ಮಾಡಿ ಕೂತಿದ್ದಾನೆಯೇ ಎಂಬುದರಲ್ಲಿ ಒಂದನ್ನೂ ಆ ಅಂಕಿ ಹೇಳುವುದಿಲ್ಲ. ಆದರೂ ಮ್ಯಾನೇಜರ್‌ಗಳ ಬೋನಸ್, ಗುತ್ತಿಗೆಯ ಅರ್ಹತೆ, ವಾರ್ಷಿಕ ವರದಿಯ ಹೆಮ್ಮೆಯ ಸಾಲು ಎಲ್ಲವೂ ಅದರ ಮೇಲೇ ನಿಂತಿರುತ್ತವೆ. ಉದ್ಯಮದ ಸುರಕ್ಷತಾ ಸಂಸ್ಕೃತಿ ಸುಧಾರಿಸಬೇಕಾದರೆ ಮೊದಲು ಈ ಅಂಕಿಯ ಮೇಲಿನ ನಂಬಿಕೆ ಕಳಚಬೇಕು.

ಲೆಕ್ಕವನ್ನೇ ನೋಡಿ. ಗಾಯಗಳ ದರ ತೆಗೆಯುವ ಸೂತ್ರದಲ್ಲಿ, ದಾಖಲಾದ ಗಾಯಗಳ ಸಂಖ್ಯೆಯನ್ನು 2,00,000ದಿಂದ ಗುಣಿಸಿ, ಎಲ್ಲರೂ ಸೇರಿ ದುಡಿದ ಗಂಟೆಗಳಿಂದ ಭಾಗಿಸುತ್ತಾರೆ. 100 ಜನ ವರ್ಷಕ್ಕೆ ತಲಾ 2,000 ಗಂಟೆ ದುಡಿದರೆ ಎಷ್ಟಾಗುತ್ತದೋ ಅಷ್ಟು ಈ 2,00,000. ಈಗ 50 ಜನರ ಒಂದು ರಿಗ್ ವರ್ಷಕ್ಕೆ 1,00,000 ಗಂಟೆ ದುಡಿಯಿತು ಎಂದುಕೊಳ್ಳಿ. ಒಬ್ಬನ ಬೆರಳಿಗೆ ಹೊಲಿಗೆ ಬಿದ್ದರೆ ಆ ರಿಗ್‌ನ ದರ 2, ಬೀಳದಿದ್ದರೆ ಸೊನ್ನೆ. ‘ಅತ್ಯುತ್ತಮ’ಕ್ಕೂ ‘ಗಮನ ಬೇಕು’ ಎಂಬುದಕ್ಕೂ ನಡುವೆ ಇರುವುದು ಒಂದು ಬೆರಳು. ಇಷ್ಟು ಚಿಕ್ಕ ಸಂಖ್ಯೆಯಲ್ಲಿ ಅದೃಷ್ಟವನ್ನೂ ಜಾಗರೂಕತೆಯನ್ನೂ ಬೇರ್ಪಡಿಸಲು ಯಾವ ಗಣಿತಕ್ಕೂ ಸಾಧ್ಯವಿಲ್ಲ. ಜೊತೆಗೆ, ಆ ಒಂದು ಹೊಲಿಗೆಯನ್ನು ‘ಪ್ರಥಮ ಚಿಕಿತ್ಸೆ’ ಎಂದು ಬರೆಸುವ ಒತ್ತಡ ಅಲ್ಲಿಂದಲೇ ಹುಟ್ಟುತ್ತದೆ. ಕಾಲು ಉಳುಕಿದವನನ್ನು ಆಫೀಸಿನಲ್ಲಿ ಕೂರಿಸಿ ‘ಹಗುರ ಕೆಲಸದಲ್ಲಿದ್ದಾನೆ’ ಎಂದು ತೋರಿಸುವ ಅಭ್ಯಾಸ ಈ ಕಸುಬಿನಲ್ಲಿರುವ ಎಲ್ಲರಿಗೂ ಗೊತ್ತು.

2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಮಕಾಂಡೊ ಎಂಬ ಬಾವಿಯ ಮೇಲಿದ್ದ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಗೊಂಡು 11 ಜನ ಸತ್ತ ದಿನ, ಬಾವಿಯ ಒಡೆತನದ ಬಿಪಿ ಮತ್ತು ರಿಗ್‌ನ ಒಡೆತನದ ಟ್ರಾನ್ಸ್‌ಓಷನ್ ಕಂಪನಿಗಳ ಹಿರಿಯ ಅಧಿಕಾರಿಗಳು ರಿಗ್ ಮೇಲೆಯೇ ಇದ್ದರು. ಕೆಲಸದ ದಿನ ತಪ್ಪಿಸುವಂಥ ಒಂದು ಗಾಯವೂ ಇಲ್ಲದೆ ರಿಗ್ ಏಳು ವರ್ಷ ಪೂರೈಸಿತ್ತು. ಅದಕ್ಕಾಗಿ ಸಿಬ್ಬಂದಿಯನ್ನು ಅಭಿನಂದಿಸುವುದೂ ಆ ಭೇಟಿಯ ಉದ್ದೇಶವಾಗಿತ್ತು. ಏಳು ವರ್ಷಗಳ ದಾಖಲೆ ಸುಳ್ಳಾಗಿರಲಿಲ್ಲ. ಅದು ಅಳೆಯುತ್ತಿದ್ದ ಅಪಾಯವೇ ಬೇರೆ, ಕೊಂದ ಅಪಾಯವೇ ಬೇರೆ.

ಈ ಗೊಂದಲಕ್ಕೆ ಹಳೆಯ ಬೇರಿದೆ. 1931ರಲ್ಲಿ ಹೈನ್‌ರಿಕ್ ಎಂಬ ವಿಮಾ ಕಂಪನಿಯ ಎಂಜಿನಿಯರ್ ಒಂದು ತ್ರಿಕೋನದ ಲೆಕ್ಕ ಕೊಟ್ಟರು: ಒಂದು ದೊಡ್ಡ ಗಾಯಕ್ಕೆ 29 ಸಣ್ಣ ಗಾಯ, 300 ಗಾಯವಿಲ್ಲದ ಘಟನೆ. ತಳವನ್ನು ಸಣ್ಣದು ಮಾಡಿದರೆ ತುದಿಯೂ ತಾನಾಗಿ ಸಣ್ಣದಾಗುತ್ತದೆ ಎಂಬ ನಂಬಿಕೆ ಅಲ್ಲಿಂದ ಬೆಳೆಯಿತು. ಆದರೆ ಮೆಟ್ಟಿಲಲ್ಲಿ ಜಾರುವುದಕ್ಕೂ ಬಾವಿ ಸಿಡಿಯುವುದಕ್ಕೂ ಕಾರಣಗಳೇ ಬೇರೆ. ಎಲ್ಲರೂ ಕೈಗಂಬಿ ಹಿಡಿದು ನಡೆದರೆ ಜಾರುವುದು ನಿಲ್ಲುತ್ತದೆ, ಬಾವಿಯ ತಳ ಮುಚ್ಚುವ ಸಿಮೆಂಟು ಗಟ್ಟಿಯಾಗುವುದಿಲ್ಲ. 2005ರಲ್ಲಿ ಟೆಕ್ಸಸ್ ಸಿಟಿ ತೈಲ ಸಂಸ್ಕರಣಾಗಾರದಲ್ಲಿ 15 ಜನ ಸತ್ತಾಗ ಪರಿಶೀಲನೆಗೆ ಕೂತ ಬೇಕರ್ ಸಮಿತಿ 2007ರಲ್ಲಿ ಇದನ್ನೇ ಹೇಳಿತ್ತು: ವೈಯಕ್ತಿಕ ಗಾಯಗಳ ದರ ಚೆನ್ನಾಗಿದೆ ಎಂಬ ಸಮಾಧಾನದಲ್ಲಿ ಕಂಪನಿ ಪ್ರಕ್ರಿಯೆಯ ಸುರಕ್ಷತೆಯನ್ನು (ಸ್ಫೋಟ, ಸೋರಿಕೆಗಳನ್ನು ತಡೆಯುವ ಕೆಲಸ) ಮರೆತಿದೆ ಎಂದು. ಆ ಸಂಸ್ಕರಣಾಗಾರವೂ ಬಿಪಿಯದೇ. ಮಕಾಂಡೊ ಬಾವಿಯ ದುರಂತ ನಡೆದದ್ದು ಆ ವರದಿ ಬಂದು ಮೂರು ವರ್ಷಕ್ಕೆ.

ಕೆಟ್ಟ ಸುದ್ದಿಗೆ ಒಳ್ಳೆಯ ವಿವರಣೆ

ಮಕಾಂಡೊದಲ್ಲಿ ಆ ಸಂಜೆ ನಡೆದ ಒಂದು ಪರೀಕ್ಷೆಯನ್ನು ಬಿಡಿಸಿ ನೋಡಿದರೆ ಸಂಸ್ಕೃತಿ ಎಂದರೇನು ಎಂಬುದು ಯಾವ ಭಾಷಣಕ್ಕಿಂತ ಸ್ಪಷ್ಟವಾಗುತ್ತದೆ. ಬಾವಿಯ ತಳದ ಸಿಮೆಂಟ್ ಅನಿಲವನ್ನು ತಡೆಯುತ್ತದೆಯೇ ಎಂದು ತಿಳಿಯಲು, ಒಳಗಿನ ಭಾರವಾದ ಮಡ್‌ನ (ಕೊರೆಯುವಾಗ ಬಾವಿಯಲ್ಲಿ ತುಂಬುವ ಕೆಸರಿನಂಥ ದ್ರವ) ಒಂದು ಭಾಗವನ್ನು ಹಗುರವಾದ ಸಮುದ್ರದ ನೀರಿನಿಂದ ಬದಲಿಸಿ, ಒತ್ತಡವನ್ನು ಬಿಟ್ಟು, ಬಾವಿಯನ್ನು ಸುಮ್ಮನೆ ಗಮನಿಸಬೇಕು. ಸಿಮೆಂಟ್ ಗಟ್ಟಿಯಿದ್ದರೆ ಒತ್ತಡ ಸೊನ್ನೆಗೆ ಬಂದು ಅಲ್ಲೇ ನಿಲ್ಲಬೇಕು, ದ್ರವ ಹೊರಗೆ ಹರಿಯಬಾರದು. ಅಂದು ಡ್ರಿಲ್ ಪೈಪಿನಲ್ಲಿ ಒತ್ತಡ ಮತ್ತೆ ಮತ್ತೆ ಏರಿ 1,400 ಪಿಎಸ್‌ಐಗೆ (ಚದರ ಇಂಚಿಗೆ ಪೌಂಡ್) ಬಂದು ನಿಂತಿತು. ಅದೇ ಬಾವಿಗೆ ಕೂಡಿಕೊಂಡ ಕಿಲ್ ಲೈನ್ ಎಂಬ ಇನ್ನೊಂದು ಕೊಳವೆಯಲ್ಲಿ ಹರಿವಿರಲಿಲ್ಲ. ಒಂದೇ ಬಾವಿಗೆ ಸೇರಿದ ಎರಡು ಕೊಳವೆಗಳು ಎರಡು ಕಥೆ ಹೇಳುತ್ತಿದ್ದರೆ ಒಂದು ಕೊಳವೆ ಎಲ್ಲೋ ಕಟ್ಟಿಕೊಂಡಿದೆ ಅಥವಾ ವಾಲ್ವ್ ಮುಚ್ಚಿದೆ ಎಂದರ್ಥ. ಪರೀಕ್ಷೆ ಪಾಸಾಗಿದೆ ಎಂದಲ್ಲ. ಆದರೆ ಬಿಓಪಿಯ ರಬ್ಬರಿನ ಮೇಲೆ ಕೂತ ಮಡ್‌ನ ಭಾರದಿಂದ ಹಾಗೆ ಕಾಣುತ್ತಿದೆ ಎಂಬ ವಿವರಣೆ ಮುಂದೆ ಬಂತು, ಒಪ್ಪಿಗೆಯಾಯಿತು, ಕಿಲ್ ಲೈನ್‌ನ ಸೊನ್ನೆಯನ್ನೇ ನಂಬಿ ಕೆಲಸ ಮುಂದುವರಿಯಿತು. ಪರೀಕ್ಷೆಯನ್ನು ಹೇಗೆ ಮಾಡಬೇಕು, ಎಷ್ಟು ಬಂದರೆ ಫೇಲು ಎಂಬ ಬರೆದಿಟ್ಟ ಕ್ರಮವೇ ಅವರ ಕೈಯಲ್ಲಿರಲಿಲ್ಲ.

ಅಲ್ಲಿದ್ದವರು ದಡ್ಡರೂ ಅಲ್ಲ, ಅಜಾಗರೂಕರೂ ಅಲ್ಲ. ಬಾವಿ ವೇಳಾಪಟ್ಟಿಗಿಂತ ಹಲವು ವಾರ ಹಿಂದಿತ್ತು, ಕೆಲಸ ಕೊನೆಯ ಹಂತದಲ್ಲಿತ್ತು, ಎಲ್ಲರ ಮನಸ್ಸೂ ಮುಂದಿನ ಬಾವಿಯ ಕಡೆಗಿತ್ತು. ಹಾಗಿದ್ದಾಗ ‘ಸರಿಯಿದೆ’ ಎನ್ನಲು ಒಂದು ಕಾರಣ ಸಾಕು, ‘ಸರಿಯಿಲ್ಲ’ ಎನ್ನಲು ಹತ್ತು ಬೇಕು. ಈ ತಕ್ಕಡಿಯನ್ನು ತಿರುಗಿಸುವುದೇ ಸುರಕ್ಷತಾ ಸಂಸ್ಕೃತಿಯ ಕೆಲಸ. ಅದಕ್ಕೆ ಉಪದೇಶ ಬೇಕಾಗಿಲ್ಲ, ಮೊದಲೇ ಬರೆದಿಟ್ಟ ಒಪ್ಪಿಗೆಯ ಮಿತಿ ಬೇಕು. ಎಷ್ಟು ನಿಮಿಷ ಗಮನಿಸಬೇಕು, ಎಷ್ಟು ಒತ್ತಡ ಏರಿದರೆ, ಎಷ್ಟು ದ್ರವ ಬಂದರೆ ಪರೀಕ್ಷೆ ಫೇಲು ಎಂಬುದನ್ನು ಕೆಲಸ ಶುರುವಾಗುವ ಮುನ್ನವೇ ಅಂಕಿಯಲ್ಲಿ ಬರೆದಿರಬೇಕು. ಅಂಕಿ ಮೀರಿದರೆ ಅದಕ್ಕೆ ರಿಗ್ ಮೇಲೆ ಯಾರೂ ವಿವರಣೆ ಹುಡುಕಕೂಡದು. ವೇಳಾಪಟ್ಟಿಯ ಹೊಣೆಯಿಲ್ಲದ, ದಡದಲ್ಲಿರುವ ಎಂಜಿನಿಯರ್‌ಗೆ ಫೋನ್ ಹೋಗಬೇಕು, ಅವರ ಉತ್ತರ ಬರುವ ತನಕ ಬಾವಿ ಮುಚ್ಚಿರಬೇಕು.

ಐದು ಸ್ಟ್ಯಾಂಡಿಗೆ ಮೂರೂವರೆ ಬ್ಯಾರೆಲ್

ಬಾವಿಯ ನಿಯಂತ್ರಣ ತಪ್ಪುವುದು ಬಹಳ ಸಲ ಸದ್ದಿಲ್ಲದೆ ಶುರುವಾಗುತ್ತದೆ. ಬಂಡೆಯೊಳಗಿನ ದ್ರವವನ್ನು ಹಿಡಿದಿಡುವುದು ಮಡ್‌ನ ಭಾರ. ಗ್ಯಾಲನ್‌ಗೆ 10 ಪೌಂಡ್ ತೂಗುವ ಮಡ್ 10,000 ಅಡಿ ಆಳದಲ್ಲಿ 5,200 ಪಿಎಸ್‌ಐ ಒತ್ತಡ ಕೊಡುತ್ತದೆ (ತೂಕ, ಆಳ ಮತ್ತು 0.052 ಈ ಮೂರರ ಗುಣಲಬ್ಧ). ಬಂಡೆಯ ಒತ್ತಡ ಇದಕ್ಕಿಂತ ಹೆಚ್ಚಾದ ಕ್ಷಣ ದ್ರವವೋ ಅನಿಲವೋ ಬಾವಿಗೆ ನುಗ್ಗುತ್ತದೆ. ಇದೇ ಕಿಕ್.

ಪೈಪನ್ನು ಹೊರಗೆಳೆಯುವಾಗ (ಇದಕ್ಕೆ ಟ್ರಿಪ್ ಎನ್ನುತ್ತಾರೆ) ಅಪಾಯ ಹೆಚ್ಚು. ಪೈಪ್ ಮೇಲೆ ಬಂದಷ್ಟೂ ಬಾವಿಯೊಳಗೆ ಜಾಗ ಖಾಲಿಯಾಗುತ್ತದೆ, ಅಷ್ಟೇ ಮಡ್ ಟ್ರಿಪ್ ಟ್ಯಾಂಕಿನಿಂದ ಒಳಗೆ ಹೋಗಬೇಕು. ಅಡಿಗೆ 19.5 ಪೌಂಡ್ ತೂಗುವ 5 ಇಂಚಿನ ಸಾಮಾನ್ಯ ಡ್ರಿಲ್ ಪೈಪ್‌ನ ಉಕ್ಕು ಒಂದು ಸ್ಟ್ಯಾಂಡಿಗೆ, ಅಂದರೆ ಮೂರು ಪೈಪ್ ಸೇರಿ ಸುಮಾರು 93 ಅಡಿಗೆ, 0.7 ಬ್ಯಾರೆಲ್ ಜಾಗ ಹಿಡಿದಿರುತ್ತದೆ. ಐದು ಸ್ಟ್ಯಾಂಡ್ ಎಳೆದರೆ ಸುಮಾರು 3.5 ಬ್ಯಾರೆಲ್ ಒಳಗೆ ಹೋಗಬೇಕು. ಎರಡೂವರೆ ಮಾತ್ರ ಹೋಯಿತೆಂದರೆ ಉಳಿದ ಒಂದು ಬ್ಯಾರೆಲ್, ಅಂದರೆ ಸುಮಾರು 159 ಲೀಟರ್, ಬಂಡೆಯಿಂದ ಬಂದಿದೆ. ಅದು ಅನಿಲವಾಗಿದ್ದರೆ ಮೇಲೆ ಬರುತ್ತಾ ನೂರಾರು ಪಟ್ಟು ಹಿಗ್ಗುತ್ತದೆ.

ಲೆಕ್ಕ ಇಷ್ಟು ಸರಳವಾಗಿದ್ದರೂ ತಪ್ಪುವುದು ಯಾಕೆ? ಈ ಲೆಕ್ಕ ಬರೆಯುವ ಟ್ರಿಪ್ ಶೀಟನ್ನು ಐದು ಸ್ಟ್ಯಾಂಡಿಗೊಮ್ಮೆ ತುಂಬುವ ಬದಲು ಕೊನೆಯಲ್ಲಿ ಕೂತು ಒಟ್ಟಿಗೆ ಬರೆದುಬಿಡುತ್ತಾರೆ. ಆಗ ಲೆಕ್ಕ ಯಾವಾಗಲೂ ಸರಿಯಾಗಿಯೇ ಬರುತ್ತದೆ. ಅದೇ ಹೊತ್ತಿಗೆ ಪಿಟ್‌ಗಳ (ಮಡ್ ತುಂಬಿದ ತೊಟ್ಟಿಗಳ) ನಡುವೆ ಮಡ್ ವರ್ಗಾವಣೆ ನಡೆಯುತ್ತಿದ್ದರೆ ಮಟ್ಟದ ಏರಿಳಿತ ಯಾವುದರದೆಂದು ತಿಳಿಯುವುದಿಲ್ಲ. ಮಕಾಂಡೊದಲ್ಲೂ ಅಂದು ಮಧ್ಯಾಹ್ನ ಪಕ್ಕದ ಹಡಗಿಗೆ ಮಡ್ ಸಾಗಿಸುತ್ತಿದ್ದರು. ಪಿಟ್‌ಗಳ ಮೇಲೆ ಕಣ್ಣಿಡುವುದು ಕಷ್ಟವಾಗಿತ್ತು. ಹೀಗಾಗಿ ಟ್ರಿಪ್ ಮಾಡುವಾಗ, ಬಾವಿಯ ಒತ್ತಡ ಇಳಿಸುವಾಗ ಮಡ್ ವರ್ಗಾವಣೆ, ಪಿಟ್ ತೊಳೆಯುವುದು, ಹೊಸ ಮಡ್ ಕಲೆಸುವುದು ಎಲ್ಲವನ್ನೂ ನಿಲ್ಲಿಸಬೇಕು. ಇದರಿಂದ ಕೆಲವು ಗಂಟೆ ಹೆಚ್ಚು ಹಿಡಿಯುತ್ತದೆ, ಆ ಗಂಟೆಗಳನ್ನು ಯೋಜನೆಯಲ್ಲೇ ಸೇರಿಸಬೇಕು. ಯೋಜನೆಯಲ್ಲಿ ಸಮಯ ಕೊಡದೆ ನಿಯಮ ಮಾತ್ರ ಬರೆಯುವುದು, ಅದನ್ನು ಮುರಿಯಲು ಮೊದಲೇ ಅನುಮತಿ ಕೊಟ್ಟ ಹಾಗೆ.

ಕಿಕ್ ಅನುಮಾನ ಬಂದಾಗಿನ ಕ್ರಮ ಎಲ್ಲ ತರಬೇತಿಯಲ್ಲೂ ಇದೆ: ಕೊರೆಯುವ ಬಿಟ್ಟನ್ನು ತಳದಿಂದ ಎತ್ತಿ, ಪೈಪಿನ ಜೋಡಣೆಯ ದಪ್ಪ ಭಾಗ ಬಿಓಪಿಯ ರ‍್ಯಾಮ್‌ಗೆ (ಬಾವಿ ಮುಚ್ಚುವ ಉಕ್ಕಿನ ದವಡೆ) ಎದುರಾಗದಂತೆ ನಿಲ್ಲಿಸಿ, ತಿರುಗುವಿಕೆ ಮತ್ತು ಪಂಪ್ ನಿಲ್ಲಿಸಿ, ಬಾವಿ ಹರಿಯುತ್ತಿದೆಯೇ ನೋಡು, ಹರಿಯುತ್ತಿದ್ದರೆ ಮುಚ್ಚು, ಆಮೇಲೆ ಫೋನ್ ಮಾಡು. ಎಡವುವುದು ಕೊನೆಯೆರಡರ ನಡುವೆ. ಮುಚ್ಚುವ ಮುನ್ನ ಡ್ರಿಲ್ಲರ್ ತನ್ನ ಮೇಲಿನ ಟೂಲ್‌ಪುಷರ್‌ಗೆ ಫೋನ್ ಮಾಡುತ್ತಾನೆ, ಟೂಲ್‌ಪುಷರ್ ಕಂಪನಿಯ ಪ್ರತಿನಿಧಿಯನ್ನು ಎಬ್ಬಿಸುತ್ತಾನೆ, ಅಷ್ಟರಲ್ಲಿ ಐದು ಬ್ಯಾರೆಲ್ ಇದ್ದ ಕಿಕ್ ಮೂವತ್ತಾಗಿರುತ್ತದೆ. ಅಮೆರಿಕದ ತೈಲ ಉದ್ಯಮದ ಸಂಘಟನೆ ಎಪಿಐನ ಮಾನದಂಡದ ಪ್ರಕಾರ ನೆಲದ ಮೇಲಿನ ಬಿಓಪಿಯ ರ‍್ಯಾಮ್ 30 ಸೆಕೆಂಡಿನೊಳಗೆ ಮುಚ್ಚಿಕೊಳ್ಳಬೇಕು. ಯಂತ್ರ ಆ ಅರ್ಧ ನಿಮಿಷವನ್ನು ಪಾಲಿಸುತ್ತದೆ, ಅನುಮತಿಗಾಗಿ ಕಾಯುವ ಮನುಷ್ಯ ಹತ್ತು ನಿಮಿಷ ನುಂಗುತ್ತಾನೆ. ಯಾರನ್ನೂ ಕೇಳದೆ ಬಾವಿ ಮುಚ್ಚುವ ಅಧಿಕಾರ ಡ್ರಿಲ್ಲರ್‌ಗಿದೆ ಎಂದು ಎಲ್ಲ ಕಂಪನಿಯ ಪುಸ್ತಕದಲ್ಲೂ ಬರೆದಿರುತ್ತದೆ. ಅದು ನಿಜವಾಗಿಯೂ ಇದೆಯೇ ಎಂದು ತಿಳಿಯಬೇಕಾದರೆ, ಹಿಂದಿನ ಸಲ ಸುಳ್ಳು ಅನುಮಾನಕ್ಕೆ ಬಾವಿ ಮುಚ್ಚಿ ಮೂರು ಗಂಟೆ ಕಳೆದ ಡ್ರಿಲ್ಲರ್‌ಗೆ ಮರುದಿನ ಬೆಳಗಿನ ಸಭೆಯಲ್ಲಿ ಏನು ಹೇಳಿದರು ಎಂದು ವಿಚಾರಿಸಬೇಕು. ಉಳಿದ ಡ್ರಿಲ್ಲರ್‌ಗಳು ಪುಸ್ತಕ ಓದುವುದಿಲ್ಲ, ಆ ಸಭೆಯನ್ನು ನೆನಪಿಡುತ್ತಾರೆ.

ಈ ಸಾಮರ್ಥ್ಯವನ್ನು ಪರೀಕ್ಷಿಸುವ ಅಗ್ಗದ ದಾರಿ ಇದೆ, ಪಿಟ್ ಡ್ರಿಲ್ ಎಂಬ ಅಣಕು ಪರೀಕ್ಷೆ. ಹೇಳದೆ ಕೇಳದೆ ಪಿಟ್‌ನ ತೇಲುಬುರುಡೆಯನ್ನು ಮೇಲೆತ್ತಿ, ಮಟ್ಟ ಏರಿದಂತೆ ಕನ್ಸೋಲಿನಲ್ಲಿ ಕಾಣುವ ಹಾಗೆ ಮಾಡಿ, ಡ್ರಿಲ್ಲರ್ ಎಷ್ಟು ಹೊತ್ತಿಗೆ ಗಮನಿಸಿದ, ಎಷ್ಟು ಹೊತ್ತಿಗೆ ಕ್ರಮ ಕೈಗೊಂಡ ಎಂದು ಬರೆದಿಡುವುದು. ಪ್ರತಿ ತಂಡಕ್ಕೂ, ವಿಶೇಷವಾಗಿ ನಸುಕಿನ ಮೂರರ ಹೊತ್ತಿಗೆ, ಇದು ನಡೆಯಬೇಕು. ಬೆಳಗಿನ ಹತ್ತಕ್ಕೆ ಮೈಕಿನಲ್ಲಿ ಘೋಷಿಸಿ ಮಾಡುವ ಡ್ರಿಲ್‌ನಿಂದ ತಿಳಿಯುವುದು ಮೈಕ್ ಕೆಲಸ ಮಾಡುತ್ತಿದೆ ಎಂಬುದಷ್ಟೇ.

2018ರ ಜನವರಿ 22ರಂದು ಅಮೆರಿಕದ ಓಕ್ಲಹೋಮದ ಪ್ರಯರ್ ಟ್ರಸ್ಟ್ ಎಂಬ ಅನಿಲ ಬಾವಿಯಲ್ಲಿ ಡ್ರಿಲ್ಲರ್‌ನ ಕ್ಯಾಬಿನ್ನಿನಲ್ಲಿದ್ದ ಐದು ಜನ ಅಲ್ಲೇ ಸುಟ್ಟು ಸತ್ತರು. ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿಯ ತನಿಖೆ ಎತ್ತಿದ ಅಂಶಗಳು ಈ ಲೇಖನದ ಪಟ್ಟಿಯಂತೆಯೇ ಇವೆ: ಅನಿಲ ಗಂಟೆಗಟ್ಟಲೆ ಮುಂಚಿನಿಂದ ಬಾವಿಗೆ ನುಗ್ಗಿದ್ದರೂ ಯಾರೂ ಗುರುತಿಸಿರಲಿಲ್ಲ, ಅಲಾರಂ ವ್ಯವಸ್ಥೆ ಬಂದ್ ಆಗಿತ್ತು, ಡ್ರಿಲ್ಲರ್‌ಗಳ ಗಮನವನ್ನು ಮುನ್ಸೂಚನೆಯಿಲ್ಲದ ಪಿಟ್ ಡ್ರಿಲ್‌ಗಳಿಂದ ಪರೀಕ್ಷಿಸುವ ರೂಢಿ ಇರಲಿಲ್ಲ, ಕ್ಯಾಬಿನ್ನಿಂದ ಪಾರಾಗಲು ತಕ್ಕ ದಾರಿಯೂ ಇರಲಿಲ್ಲ.

ಅಲಾರಂ ಬಂದ್ ಮಾಡಿದವನನ್ನು ಬೈದರೆ ವಿಷಯ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ಅದೇ ತನಿಖೆ ಇನ್ನೊಂದನ್ನೂ ಹೇಳಿತು: ಆ ಅಲಾರಂ ವ್ಯವಸ್ಥೆ ಕೊರೆಯುವುದು, ಟ್ರಿಪ್ ಮಾಡುವುದು ಮುಂತಾದ ಬೇರೆ ಬೇರೆ ಕೆಲಸಗಳಿಗೆ ತಕ್ಕಂತೆ ಬದಲಾಗುವಂತಿರಲಿಲ್ಲ, ಹಾಗಾಗಿ ಬೇಡದ ಅಲಾರಂಗಳು ಹೆಚ್ಚಿದ್ದವು. ಒಬ್ಬ ಆಪರೇಟರ್ ಹತ್ತು ನಿಮಿಷಕ್ಕೆ ಸುಮಾರು ಒಂದು ಅಲಾರಂ ನಿಭಾಯಿಸಬಲ್ಲ ಎಂಬುದು ಉದ್ಯಮದಲ್ಲಿ ಒಪ್ಪಿದ ಅಳತೆ. ನಿಮಿಷಕ್ಕೊಂದು ಬಡಿದುಕೊಂಡರೆ ಯಾರಾದರೂ ಬಂದ್ ಮಾಡುತ್ತಾರೆ. ಡೀಪ್‌ವಾಟರ್ ಹೊರೈಜನ್‌ನಲ್ಲೂ ಇಡೀ ರಿಗ್‌ಗೆ ಕೇಳಬೇಕಾದ ಅಲಾರಂ ತಾನಾಗಿ ಮೊಳಗದಂತೆ ಇಟ್ಟಿದ್ದರು, ಸುಳ್ಳು ಅಲಾರಂನಿಂದ ನಡುರಾತ್ರಿ ಜನ ಏಳಬಾರದೆಂದು, ಎಂಬ ಸಾಕ್ಷ್ಯ ತನಿಖೆಯಲ್ಲಿ ಬಂತು. ಬಂದ್ ಆದ ಅಲಾರಂ ಕಂಡಾಗ ‘ಯಾರು?’ ಎಂದು ಕೇಳುವುದಕ್ಕಿಂತ ‘ಇದು ದಿನಕ್ಕೆ ಎಷ್ಟು ಸಲ ಸುಮ್ಮನೆ ಬಡಿದುಕೊಳ್ಳುತ್ತಿತ್ತು?’ ಎಂದು ಕೇಳಿದರೆ ದುರಸ್ತಿಗೆ ದಾರಿ ಸಿಗುತ್ತದೆ. ಟ್ರಿಪ್‌ಗೆ ಬೇರೆ, ಕೊರೆಯುವಾಗಿನದಕ್ಕೆ ಬೇರೆ ಮಿತಿಗಳನ್ನು ಮೊದಲೇ ಹೊಂದಿಸಿಟ್ಟು ಒಂದು ಗುಂಡಿಯಲ್ಲಿ ಬದಲಾಗುವಂತೆ ಮಾಡಬೇಕು. ಬಂದ್ ಮಾಡಿದ ಪ್ರತಿ ಅಲಾರಂ, ಇಂಟರ್‌ಲಾಕ್ (ಅಪಾಯವಾದರೆ ಯಂತ್ರವನ್ನು ತಾನಾಗಿ ತಡೆಯುವ ವ್ಯವಸ್ಥೆ) ಒಂದು ರಿಜಿಸ್ಟರಿನಲ್ಲಿ ಸೇರಿ, ಪಾಳಿ ಬದಲಾಗುವಾಗ ಎರಡೂ ಕಡೆಯವರು ಓದಿ ಸಹಿ ಹಾಕಬೇಕು.

ರಿಗ್ ಫ್ಲೋರಿನ ಮೇಲೆ

ಬ್ಲೋಔಟ್, ಅಂದರೆ ಬಾವಿ ಸಿಡಿಯುವುದು, ಅಪರೂಪ. ದಿನನಿತ್ಯದ ಸಾವುಗಳು ಬೇರೆ ಕಡೆ ಆಗುತ್ತವೆ. ಅಮೆರಿಕದ ಎಣ್ಣೆ ಮತ್ತು ಅನಿಲ ಹೊರತೆಗೆಯುವ ಉದ್ಯಮದಲ್ಲಿ 2003ರಿಂದ 2013ರವರೆಗೆ 1,189 ಜನ ಸತ್ತರು. ಅದರಲ್ಲಿ ಸುಮಾರು 40 ಶೇಕಡಾ ವಾಹನ ಮತ್ತು ಸಾರಿಗೆಯ ಅಪಘಾತ, ಸುಮಾರು 26 ಶೇಕಡಾ ಯಂತ್ರ ಅಥವಾ ವಸ್ತು ಬಡಿದು, ಸಿಕ್ಕಿಕೊಂಡು ಆದದ್ದು. ಹನ್ನೆರಡು ಗಂಟೆಯ ಪಾಳಿ ಮುಗಿಸಿ ಮೂರು ಗಂಟೆ ಗಾಡಿ ಓಡಿಸಿಕೊಂಡು ಮನೆಗೆ ಹೊರಟವನ ಸಾವು ರಿಗ್‌ನ ಬೋರ್ಡಿಗೆ ಬರುವುದೇ ಇಲ್ಲ. 17 ಗಂಟೆ ಎಚ್ಚರವಿದ್ದವನ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವನ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲೇ ತೋರಿಸಿದ್ದಾರೆ. ಪಾಳಿ ಮುಗಿದವರಿಗೆ ಬಸ್ಸು, ಅಥವಾ ಹೊರಡುವ ಮುನ್ನ ಮಲಗಲು ಒಂದು ಕೋಣೆ: ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಇಷ್ಟು ಜೀವ ಉಳಿಸುವ ಕ್ರಮ ಈ ಉದ್ಯಮದಲ್ಲಿ ಇನ್ನೊಂದಿಲ್ಲ.

ಎತ್ತರದಿಂದ ಬೀಳುವ ವಸ್ತುಗಳದ್ದು ಮುಂದಿನ ಸರದಿ. ರಿಗ್‌ನ ಗೋಪುರವಾದ 40 ಮೀಟರ್ ಎತ್ತರದ ಡೆರಿಕ್‌ನಿಂದ ಒಂದು ಕಿಲೋದ ಸುತ್ತಿಗೆ ಜಾರಿದರೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 100 ಕಿಲೋಮೀಟರ್. ಹೆಲ್ಮೆಟ್ ಅದನ್ನು ತಡೆಯುವುದಿಲ್ಲ. ಹೀಗಾಗಿ ಮೇಲೆ ಹೋಗುವ ಪ್ರತಿ ಉಪಕರಣಕ್ಕೂ ಹಗ್ಗದ ಕಟ್ಟು, ಹೋದದ್ದು ಬಂದದ್ದು ಬರೆಯುವ ಪುಸ್ತಕ, ದೀಪ ಮತ್ತು ಕ್ಯಾಮೆರಾಗಳಿಗೆ ಬೋಲ್ಟಿನ ಜೊತೆಗೆ ಎರಡನೇ ಸರಪಳಿ, ಕೆಳಗೆ ಯಾರೂ ನಿಲ್ಲದ ಕೆಂಪು ವಲಯ ಬೇಕು. ಸಿಕ್ಕಿಕೊಂಡ ಪೈಪನ್ನು ಜಾರ್ ಎಂಬ ಉಪಕರಣದಿಂದ ಬಡಿದು ಬಿಡಿಸಿದ ಮೇಲೆ ಇಡೀ ಡೆರಿಕ್ ನಡುಗಿರುತ್ತದೆ, ಬೋಲ್ಟುಗಳು ಸಡಿಲಾಗಿರುತ್ತವೆ. ಆಗ ಡೆರಿಕ್ ಪರಿಶೀಲಿಸದೆ ಫ್ಲೋರಿನಲ್ಲಿ ಕೆಲಸ ಶುರುಮಾಡುವುದು ಅತಿ ಸಾಮಾನ್ಯ ತಪ್ಪು. ಪೈಪನ್ನು ಎತ್ತಿಳಿಸುವ ಟ್ರಾವೆಲಿಂಗ್ ಬ್ಲಾಕ್ ಮೇಲಕ್ಕೆ ಹೋಗಿ ಡೆರಿಕ್ ತುದಿಯ ಕ್ರೌನ್‌ಗೆ ಹೊಡೆಯದಂತೆ ತಡೆಯುವ ಕ್ರೌನ್ ಸೇವರ್‌ನದೂ ಇದೇ ಕಥೆ. ಬ್ಲಾಕನ್ನು ಎತ್ತುವ ಉಕ್ಕಿನ ಹಗ್ಗವಾದ ಡ್ರಿಲ್ಲಿಂಗ್ ಲೈನನ್ನು ಸರಿಸಿ ಕತ್ತರಿಸಿದ ಮೇಲೆ ಡ್ರಮ್ಮಿನ ಸುತ್ತುಗಳ ಲೆಕ್ಕ ಬದಲಾಗುತ್ತದೆ, ಸೇವರನ್ನು ಮತ್ತೆ ಹೊಂದಿಸಬೇಕು. ಹೊಂದಿಸಿದ ಮೇಲೆ ಬ್ಲಾಕನ್ನು ನಿಧಾನವಾಗಿ ಏರಿಸಿ ಅದು ನಿಲ್ಲುತ್ತದೆಯೇ ಎಂದು ನೋಡಬೇಕು, ಮತ್ತು ಪ್ರತಿ ಪಾಳಿಯ ಆರಂಭದಲ್ಲೂ ನೋಡಬೇಕು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ‘ಸಂಸ್ಕೃತಿ’ ಎಂದ ಕೂಡಲೇ ಎಲ್ಲವನ್ನೂ ಕೆಲಸಗಾರನ ನಡವಳಿಕೆಯ ಮೇಲೆ ಹೊರಿಸುವುದು ಸುಲಭ. ಬೆರಳು ಕತ್ತರಿಸಿದ್ದಕ್ಕೆ ಇನ್ನೊಂದು ಜೊತೆ ಕೈಗವಸು, ಇನ್ನೊಂದು ತರಗತಿ. ಪೈಪುಗಳನ್ನು ಬಿಗಿಯಲು ಸರಪಳಿ ಸುತ್ತಿ ಎಳೆಯುತ್ತಿದ್ದ ಕಾಲದಲ್ಲಿ ಎಷ್ಟೋ ಬೆರಳುಗಳು ಹೋದವು. ಅದು ಕಡಿಮೆಯಾದದ್ದು ಪೋಸ್ಟರಿನಿಂದಲ್ಲ, ಸರಪಳಿಯ ಜಾಗಕ್ಕೆ ಯಂತ್ರ ಬಂದದ್ದರಿಂದ. ಅಪಾಯವನ್ನೇ ತೆಗೆಯುವುದು ಮೊದಲು, ಯಂತ್ರದಿಂದ ತಡೆಯುವುದು ಆಮೇಲೆ, ನಿಯಮ ಮತ್ತು ಹೆಲ್ಮೆಟ್ ಕೊನೆಗೆ. ಯಂತ್ರವೂ ತನ್ನದೇ ಅಪಾಯ ತರುತ್ತದೆ: ಪೈಪುಗಳನ್ನು ಬಿಗಿಯುವ ಐರನ್ ರಫ್‌ನೆಕ್ ತಾನಾಗಿ ಮುಂದೆ ಚಲಿಸುವಾಗ ಅದರ ದಾರಿಯಲ್ಲಿ ನೆಲ ತೊಳೆಯುತ್ತಾ ನಿಂತವನು ಡ್ರಿಲ್ಲರ್‌ಗೆ ಕಾಣುವುದಿಲ್ಲ. ಆ ದಾರಿಗೆ ಬಣ್ಣ ಬಳಿದರೆ ಸಾಲದು, ಒಳಗೆ ಕಾಲಿಟ್ಟರೆ ಯಂತ್ರ ನಿಲ್ಲುವಂತಿರಬೇಕು.

ಮಡ್ ಪಂಪಿನ ದುರಸ್ತಿ ಇನ್ನೊಂದು ಕೆಟ್ಟ ಜಾಗ. ಮೂರು ಪಂಪ್ ಅಕ್ಕಪಕ್ಕದಲ್ಲಿರುತ್ತವೆ, ಒಂದರ ಪಿಸ್ಟನ್ ಬದಲಿಸುತ್ತಿರುವಾಗ ಡ್ರಿಲ್ಲರ್ ಕನ್ಸೋಲಿನಲ್ಲಿ ತಪ್ಪು ಗುಂಡಿ ಒತ್ತುತ್ತಾನೆ. ವಿದ್ಯುತ್ ತೆಗೆದು, ಕೆಲಸ ಮಾಡುವ ಪ್ರತಿಯೊಬ್ಬನೂ ತನ್ನ ಸ್ವಂತ ಬೀಗ ಹಾಕಿ, ಲೈನಿನ ಒತ್ತಡ ಬಿಟ್ಟು, ಕೊನೆಗೆ ಪಂಪನ್ನು ಶುರು ಮಾಡಲು ಪ್ರಯತ್ನಿಸಿ ಅದು ಶುರುವಾಗುವುದಿಲ್ಲ ಎಂದು ಖಚಿತವಾದ ಮೇಲಷ್ಟೇ ಕೈ ಹಾಕಬೇಕು. ಈ ಕೊನೆಯ ಪ್ರಯತ್ನವನ್ನು ಬಹಳ ಜನ ಬಿಡುತ್ತಾರೆ. ಬೇರೆ ಪಂಪಿಗೆ ಬೀಗ ಹಾಕಿದ್ದು ಗೊತ್ತಾಗುವುದು ಅಲ್ಲೇ.

ನೀರಿನ ಬಾವಿ, ಖನಿಜ ಶೋಧನೆಯ ಸಣ್ಣ ರಿಗ್‌ಗಳಲ್ಲಿ ಎರಡೋ ಮೂರೋ ಜನರ ತಂಡ. ಸುರಕ್ಷತಾ ಅಧಿಕಾರಿ ಇರುವುದಿಲ್ಲ. ಅಲ್ಲಿನ ಸಾವುಗಳಿಗೆ ಕಾರಣ ಕೆಲವೇ: ತಿರುಗುವ ರಾಡ್‌ಗೆ ಸಡಿಲ ಬಟ್ಟೆ ಸಿಕ್ಕಿಕೊಳ್ಳುವುದು, ಮಾಸ್ಟ್ (ರಿಗ್‌ನ ಕಂಬ) ಎತ್ತಿಕೊಂಡೇ ಗಾಡಿ ಸರಿಸಿ ವಿದ್ಯುತ್ ತಂತಿಗೆ ತಾಗಿಸುವುದು, ಕಂಪ್ರೆಸರ್ ಹೋಸ್ ಕಿತ್ತು ಬಂದು ಹೊಡೆಯುವುದು. ರಾಡ್‌ನ ಸುತ್ತ ಜಾಲರಿಯ ಬಾಗಿಲು, ಅದು ತೆರೆದರೆ ತಿರುಗುವಿಕೆ ನಿಲ್ಲುವ ಸ್ವಿಚ್ಚು, ಹೋಸಿನ ಪ್ರತಿ ಜೋಡಣೆಗೂ ಉಕ್ಕಿನ ತಡೆತಂತಿ, ಮಾಸ್ಟ್ ಇಳಿಸದೆ ಗಾಡಿ ಕದಲಬಾರದೆಂಬ ನಿಯಮ: ಇಷ್ಟರಿಂದ ಬಹುಪಾಲು ತಪ್ಪುತ್ತದೆ. ನೀರಿಲ್ಲದೆ ಕೊರೆಯುವಾಗ ಏಳುವ ಸಿಲಿಕಾ ಧೂಳು ನಿಧಾನವಾಗಿ ಕೊಲ್ಲುತ್ತದೆ. ಎಂಟು ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 50 ಮೈಕ್ರೋಗ್ರಾಮ್ ಎಂಬ ಅಮೆರಿಕದ ಮಿತಿ ಕಣ್ಣಿಗೆ ಕಾಣುವ ಪ್ರಮಾಣವೇ ಅಲ್ಲ. ಧೂಳು ಕಾಣುತ್ತಿದೆಯೆಂದರೆ ಮಿತಿ ಮೀರಿದೆ ಎಂದೇ ತಿಳಿದು ನೀರು ಹಾಯಿಸಬೇಕು.

ನಿಲ್ಲಿಸಿದವನಿಗೆ ಆಗುವುದೇನು

ಅಪಾಯ ಕಂಡರೆ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು ಎಂಬ ಕಾರ್ಡು ಎಲ್ಲರ ಜೇಬಿನಲ್ಲೂ ಇರುತ್ತದೆ. ಆದರೆ ರಿಗ್‌ನ ಬಾಡಿಗೆ ದಿನದ ಲೆಕ್ಕ. ಬಾವಿಯ ಮಾಲೀಕ ಕಂಪನಿ ಒಂದು, ರಿಗ್ ಕಂಪನಿ ಇನ್ನೊಂದು, ಸಿಮೆಂಟು, ಮಡ್, ಕ್ರೇನ್ ಎಲ್ಲ ಬೇರೆ ಬೇರೆ ಗುತ್ತಿಗೆ. ಯಂತ್ರ ನಿಂತ ಗಂಟೆಗಳು ಯಾರ ಖಾತೆಗೆ ಎಂಬ ಜಗಳ ದಿನವೂ ಇರುತ್ತದೆ. ಗುತ್ತಿಗೆಯ ಕೆಳಗಿನ ತುದಿಯ ಹುಡುಗ ‘ನಿಲ್ಲಿಸಿ’ ಎಂದರೆ ಅವನನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ. ಮುಂದಿನ ಸರದಿಗೆ ಕರೆ ಬರುವುದಿಲ್ಲ, ಅಷ್ಟೇ. ಉತ್ತರ ಸಮುದ್ರದ ರಿಗ್‌ಗಳಲ್ಲಿ ‘ಮತ್ತೆ ಬೇಕಾಗಿಲ್ಲ’ ಎಂಬ ಷರಾ ದಶಕಗಳ ಕಾಲ ಕೆಲಸಗಾರರ ಬಾಯಿ ಮುಚ್ಚಿಸಿತ್ತು. ಕಾರ್ಡಿನಿಂದ ಈ ಭಯ ಹೋಗುವುದಿಲ್ಲ. ಗುತ್ತಿಗೆಯ ಕರಾರಿನಲ್ಲಿ ಎರಡು ಸಾಲು ಬೇಕು: ಸದುದ್ದೇಶದಿಂದ ನಿಲ್ಲಿಸಿದ ಗಂಟೆಗಳಿಗೆ ರಿಗ್ ಕಂಪನಿಗೆ ಪೂರ್ಣ ದರ ಸಿಗುತ್ತದೆ, ಅನುಮಾನ ಸುಳ್ಳಾಗಿದ್ದರೂ, ಮತ್ತು ನಿಲ್ಲಿಸಿದವನನ್ನು ಮುಂದಿನ ಸರದಿಯಿಂದ ಬಿಟ್ಟರೆ ಮೇಲಿನ ಕಂಪನಿಗೆ ಬರಹದಲ್ಲಿ ಕಾರಣ ಕೊಡಬೇಕು. ನಾರ್ವೆಯ ಕಾನೂನು ಇನ್ನೂ ಮುಂದಿದೆ: ಅಲ್ಲಿ ಕೆಲಸಗಾರರೇ ಆರಿಸಿದ ಸುರಕ್ಷತಾ ಪ್ರತಿನಿಧಿಗೆ ಜೀವಕ್ಕೆ ತಕ್ಷಣದ ಅಪಾಯ ಕಂಡಾಗ ಕೆಲಸ ನಿಲ್ಲಿಸುವ ಕಾನೂನುಬದ್ಧ ಅಧಿಕಾರವಿದೆ.

ಅಪಾಯ ಗಮನಿಸಿ ಬರೆದುಕೊಡುವ ಕಾರ್ಡುಗಳಿಗೆ ‘ವಾರಕ್ಕೆ ತಲಾ ಎರಡು’ ಎಂಬ ಗುರಿ ಕೊಡುವುದು ಅವುಗಳನ್ನು ಹಾಳುಮಾಡುವ ಖಚಿತ ದಾರಿ. ಭಾನುವಾರ ಸಂಜೆ ಎಲ್ಲರೂ ಕೂತು ‘ಒಬ್ಬರು ಕನ್ನಡಕ ಹಾಕಿರಲಿಲ್ಲ, ಹೇಳಿದೆ, ಹಾಕಿಕೊಂಡರು’ ಎಂದು ಬರೆಯುತ್ತಾರೆ. ಎಣಿಸಬೇಕಾದದ್ದು ಎಷ್ಟು ಕಾರ್ಡು ಬಂತೆಂದಲ್ಲ, ಎಷ್ಟು ದಿನದಲ್ಲಿ ಉತ್ತರ ಹೋಯಿತು, ಎಷ್ಟು ದುರಸ್ತಿಯಾಯಿತು ಎಂದು. ಬರೆದವನ ಕೈಗೆ ಅವನ ಸರದಿ ಮುಗಿಯುವುದರೊಳಗೆ ಉತ್ತರ ತಲುಪಬೇಕು, ಉತ್ತರ ‘ಆಗುವುದಿಲ್ಲ, ಕಾರಣ ಇದು’ ಎಂದಿದ್ದರೂ ಸರಿಯೇ. ಎರಡು ಸಲ ಬರೆದು ಮೌನ ಎದುರಾದರೆ ಮೂರನೇ ಸಲ ಯಾರೂ ಬರೆಯುವುದಿಲ್ಲ.

ತಪ್ಪು ನಡೆದಾಗ ಶಿಕ್ಷೆ ಬೇಡವೇ ಎಂಬ ಪ್ರಶ್ನೆ ಬರುತ್ತದೆ. ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಮುಂದಿಟ್ಟ ನ್ಯಾಯಯುತ ಸಂಸ್ಕೃತಿಯ ವಿಚಾರ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದೇ ತರಬೇತಿಯ, ಅದೇ ಅನುಭವದ ಇನ್ನೊಬ್ಬನನ್ನು ಅದೇ ಒತ್ತಡದಲ್ಲಿ, ಅದೇ ಗಂಟೆಯಲ್ಲಿ ನಿಲ್ಲಿಸಿದ್ದರೆ ಅವನೂ ಹಾಗೆಯೇ ಮಾಡುತ್ತಿದ್ದನೇ? ಹೌದಾದರೆ ದೋಷ ವ್ಯವಸ್ಥೆಯದು. ಒಬ್ಬನನ್ನು ತೆಗೆದರೆ ಆ ಜಾಗದಲ್ಲಿ ಮುಂದಿನವನೂ ಅದನ್ನೇ ಮಾಡುತ್ತಾನೆ. ಕುಡಿದು ಬಂದವನಿಗೆ, ಬೇಕೆಂದೇ ಬೀಗ ಒಡೆದವನಿಗೆ ಶಿಕ್ಷೆ ಇರಲೇಬೇಕು. ಇವೆರಡರ ನಡುವಿನ ಗೆರೆ ಎಲ್ಲಿ ಎಂಬುದನ್ನು ಅಪಘಾತವಾದ ಮೇಲಲ್ಲ, ಮೊದಲೇ ಎಲ್ಲರಿಗೂ ತಿಳಿಸಿರಬೇಕು.

ಪಾಳಿ ಬದಲಾವಣೆಗೆ ಒಂದು ಮಾತು. ಉತ್ತರ ಸಮುದ್ರದ ಪೈಪರ್ ಆಲ್ಫಾ ಕೊರೆಯುವ ರಿಗ್ ಅಲ್ಲ, ಉತ್ಪಾದನೆಯ ವೇದಿಕೆ. ಆದರೆ 1988ರ ಜುಲೈ 6ರಂದು ಅಲ್ಲಿ 167 ಜನ ಸತ್ತದ್ದರಿಂದ ಕಲಿಯಬೇಕಾದದ್ದು ಎಲ್ಲ ರಿಗ್‌ಗೂ ಸಲ್ಲುತ್ತದೆ. ಎರಡು ಪಂಪುಗಳಲ್ಲಿ ಒಂದರ ಸುರಕ್ಷತಾ ವಾಲ್ವನ್ನು ದುರಸ್ತಿಗೆ ಬಿಚ್ಚಿದ್ದರು, ಆ ವಿಷಯ ರಾತ್ರಿ ಪಾಳಿಗೆ ತಲುಪಲಿಲ್ಲ, ಇನ್ನೊಂದು ಪಂಪ್ ನಿಂತಾಗ ಅವರು ಇದನ್ನೇ ಶುರು ಮಾಡಿದರು. ತನಿಖೆ ನಡೆಸಿದ ಲಾರ್ಡ್ ಕಲ್ಲನ್ 1990ರಲ್ಲಿ 106 ಶಿಫಾರಸು ಕೊಟ್ಟರು. ಪಾಳಿಯ ವರದಿಯನ್ನು ಮೇಜಿನ ಮೇಲೆ ಇಟ್ಟು ಹೋಗುವುದು ಹಸ್ತಾಂತರವಲ್ಲ. ಹೋಗುವವನೂ ಬರುವವನೂ ಒಟ್ಟಿಗೆ ಯಂತ್ರದ ಬಳಿ ನಡೆದು, ತೆರೆದಿರುವ ಪ್ರತಿ ಪರ್ಮಿಟ್ (ಕೆಲಸದ ಅನುಮತಿ ಪತ್ರ) ನೋಡಿ, ಬಂದವನು ತನ್ನ ಮಾತಿನಲ್ಲಿ ಮರಳಿ ಹೇಳಬೇಕು. ಅದಕ್ಕೆ ಕನಿಷ್ಠ 15 ನಿಮಿಷ ಬೇಕು, ಆ ನಿಮಿಷಗಳಿಗೆ ಸಂಬಳವೂ ಬೇಕು.

ಬೋರ್ಡಿನ ಬದಲು ಏನು ಅಳೆಯಬೇಕು? ಅವಧಿ ಮೀರಿದ ಬಿಓಪಿ ಪರೀಕ್ಷೆ ಮತ್ತು ದುರಸ್ತಿಗಳೆಷ್ಟು. ಪರೀಕ್ಷೆಯಲ್ಲಿ ಬಿಓಪಿ ಮೊದಲ ಸಲವೇ ಪಾಸಾದದ್ದೆಷ್ಟು ಬಾರಿ. ಕಿಕ್ ಗುರುತಿಸುವಾಗ ಎಷ್ಟು ಬ್ಯಾರೆಲ್ ಬಂದಾಗಿತ್ತು. ರಾತ್ರಿಯ ಪಿಟ್ ಡ್ರಿಲ್‌ನಲ್ಲಿ ಪ್ರತಿಕ್ರಿಯೆಯ ಸಮಯ. ಈ ಹೊತ್ತಿಗೆ ಬಂದ್ ಆಗಿರುವ ಅಲಾರಂ, ಇಂಟರ್‌ಲಾಕ್‌ಗಳೆಷ್ಟು. ಕಳೆದ ತಿಂಗಳು ಕೆಲಸ ನಿಲ್ಲಿಸಿದವರಲ್ಲಿ ಗುತ್ತಿಗೆ ಕೆಲಸಗಾರರೆಷ್ಟು, ಕೆಲಸಕ್ಕೆ ಸೇರಿ ಆರು ತಿಂಗಳಾಗದವರೆಷ್ಟು. ಈ ಕೊನೆಯ ಅಂಕಿ ಸೊನ್ನೆ ಇದ್ದರೆ ಹೊಸಬರಿಗೆ ಯಾವ ಅಪಾಯವೂ ಕಾಣಲಿಲ್ಲ ಎಂದಲ್ಲ, ಕಂಡದ್ದನ್ನು ಹೇಳಲಿಲ್ಲ ಎಂದೇ ಓದಬೇಕು. ಇವುಗಳಲ್ಲಿ ಒಂದಕ್ಕೂ ಬೋನಸ್ ಕಟ್ಟಬಾರದು. ಕಟ್ಟಿದ ದಿನವೇ ಅದೂ ಆ ಬೋರ್ಡಿನಂತೆ ಸುಳ್ಳು ಹೇಳತೊಡಗುತ್ತದೆ.

ರಿಗ್‌ಗೆ ಭೇಟಿ ಕೊಡುವ ಹಿರಿಯರು ಹೆಲ್ಮೆಟ್ ಪಟ್ಟಿ ಬಿಗಿಯಿದೆಯೇ ಎಂದು ನೋಡುವುದನ್ನು ಬಿಟ್ಟು, ರಾತ್ರಿ ಪಾಳಿಯಲ್ಲಿ ಡ್ರಿಲ್ಲರ್ ಪಕ್ಕದಲ್ಲಿ ಎರಡು ಗಂಟೆ ಕೂತು ಟ್ರಿಪ್ ಶೀಟ್ ತುಂಬುವುದನ್ನು ನೋಡಲಿ. ತೆರೆದ ಪರ್ಮಿಟ್ ಒಂದನ್ನು ಕೈಯಲ್ಲಿ ಹಿಡಿದು ಆ ಜಾಗಕ್ಕೇ ಹೋಗಿ ಬೀಗ ಇದೆಯೇ ಎಂದು ಎಳೆದು ನೋಡಲಿ. ‘ಇಲ್ಲಿ ಯಾವ ನಿಯಮ ಪಾಲಿಸಲು ಆಗುತ್ತಿಲ್ಲ?’ ಎಂದು ಕೇಳಿ, ಉತ್ತರ ಕೊಟ್ಟವನ ಹೆಸರು ಬರೆಯದೆ ವಿಷಯ ಮಾತ್ರ ಬರೆದುಕೊಳ್ಳಲಿ. ಬದಲಾವಣೆ ಎಲ್ಲಿಂದ ಶುರು ಎಂದು ಕೇಳುವ ಕಂಪನಿಗೆ ಉತ್ತರ ಮುಂದಿನ ಟೆಂಡರ್ ದಾಖಲೆಯಲ್ಲಿದೆ. ಅದರ ಅರ್ಹತೆಯ ಪುಟದಿಂದ ಗಾಯಗಳ ದರದ ಕಾಲಂ ತೆಗೆದು, ಕಳೆದ ವರ್ಷದ ಬಿಓಪಿ ಪರೀಕ್ಷೆಯ ವಿಫಲತೆಗಳ ಪಟ್ಟಿಯನ್ನೂ ಪ್ರತಿಯೊಂದಕ್ಕೆ ತೆಗೆದುಕೊಂಡ ಕ್ರಮವನ್ನೂ ಕೇಳಬೇಕು. ಪಟ್ಟಿ ಖಾಲಿ ಬಿಟ್ಟು ಕಳಿಸಿದ ಗುತ್ತಿಗೆದಾರನ ರಿಗ್ಗನ್ನು ಮೊದಲು ತಪಾಸಣೆಗೆ ಹಾಕಬೇಕು.